ಕೈಗೆಟುಕುವ ಜಾಗ: ಮೆಕ್ಯಾನಿಕ್ ನೂರುಲ್ಲಾ ಅವರ ಮೂವತ್ತೈದು ವರ್ಷ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಟ್ರಾಕ್ಟರ್ ಇಟ್ಟುಕೊಂಡಿರುವ ರೈತರ ಪೈಕಿ ಶ್ರೀ ನೂರುಲ್ಲಾ ಅವರ ಹೆಸರು ಕೇಳದವರು ವಿರಳ. ರೈತರ ಯಂತ್ರೋಪಕರಣ ಸಹಕಾರ ಸಂಘದ ಕಾರ್ಯಾಗಾರಕ್ಕೆ 1974ರಲ್ಲಿ ಸಹಾಯಕರಾಗಿ ಸೇರಿ, ಮುಖ್ಯ ಮೆಕ್ಯಾನಿಕ್ ಆಗಿ ಇದೇ 2009ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರು, ಈ ಸೀಮೆಯ ಬೇಸಾಯ ಎತ್ತಿನ ಹೆಗಲಿನಿಂದ ಯಂತ್ರದ ಗಾಲಿಗೆ ಇಳಿದ ಕಾಲವನ್ನು ತಮ್ಮ ಕೈಗಳಿಂದಲೇ ಕಂಡವರು. ಶಾಲೆಯಲ್ಲಿ ಕಲಿತದ್ದು ಏಳನೆಯ ತರಗತಿ. ಸಂತೆಮರಹಳ್ಳಿಯ ಸಂತೆಯಲ್ಲಿ ಸ್ಟೌ, ಬೀಗ ರಿಪೇರಿ ಮಾಡುತ್ತಿದ್ದ ತಂದೆಯ ಪಕ್ಕ ಕುಳಿತು ಕಲಿತದ್ದೇ ಹೆಚ್ಚು.

ಸೇವೆಯ ಮೊದಲ ಮೂರು ದಶಕಗಳನ್ನು ಕುರಿತು ಈ ಅಭಿನಂದನಾ ಸಂಪುಟದಲ್ಲಿ ಬೇರೆಯವರು ಬರೆದಿದ್ದಾರೆ. ಇಲ್ಲಿ ಹೇಳಹೊರಟಿರುವುದು ಕೊನೆಯ ಆರು ವರ್ಷಗಳ ಸಂಗತಿ.

2003ರ ಮಳೆಗಾಲದಲ್ಲಿ ಅವರ ಮಡದಿ ಮಹಮೂದಾ ಮೂರೇ ದಿನದ ಜ್ವರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಕಾರ್ಯಾಗಾರದಲ್ಲಿ ಕನ್ನಡ, ಮನೆಗೆ ಬಂದರೆ ಉರ್ದು. ಹೀಗೆ ಇಪ್ಪತ್ತೆಂಟು ವರ್ಷ ನಡೆದಿದ್ದ ಬದುಕು ಅದು. ಮಡದಿ ಹೋದ ಮೇಲೆ ಮನೆಯ ಭಾಷೆಯನ್ನು ಆಡಲು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಮಸೀದಿಯಲ್ಲಿ ನಾಲ್ಕು ಮಾತು ಆಡಿ ಬಂದು ಬಾಗಿಲು ಹಾಕಿಕೊಂಡರೆ, ಮಾರನೆಯ ಬೆಳಿಗ್ಗೆ ಯಾರದೋ ಗಾಡಿ ಕೆಟ್ಟಿದೆಯೆಂಬ ಸುದ್ದಿ ಬರುವವರೆಗೆ ಅವರು ತುಟಿ ಬಿಚ್ಚುತ್ತಿರಲಿಲ್ಲ. ಒಂದು ದಿನವೂ ಕೆಲಸ ತಪ್ಪಿಸದ ಅವರನ್ನು ಕಂಡು, ದುಃಖ ಬೇಗ ಕಳೆಯಿತೆಂದೇ ಸಂಘದ ಸಹೋದ್ಯೋಗಿಗಳಾದ ನಾವು ಭಾವಿಸಿದೆವು.

ಆ ಹೊತ್ತಿಗೆ ಸಣ್ಣ ಟ್ರಾಕ್ಟರುಗಳು ಈ ಭಾಗಕ್ಕೆ ಬರತೊಡಗಿದ್ದವು. ಅರಿಸಿನದ ಸಾಲುಗಳ ನಡುವೆಯೂ ನುಗ್ಗಬಲ್ಲ ಚೊಕ್ಕ ಗಾಡಿಗಳು. ಸಂಘದ ಮೂಲಕ ಬಂದ ಒಂದು ಮಾದರಿಯಲ್ಲಿ ಮಾತ್ರ ಒಂದು ತೊಡಕಿತ್ತು. ಡೀಸೆಲ್ ಸೋಸುವ ಎರಡು ಫಿಲ್ಟರುಗಳನ್ನು ಬ್ಯಾಟರಿಯ ಹಿಂದೆ, ಎಂಜಿನ್ನಿನ ಸಂದಿಯೊಳಗೆ ಕೂರಿಸಿದ್ದರು. ಹಳ್ಳಿಗಳಲ್ಲಿ ಡೀಸೆಲ್ಲನ್ನು ಬ್ಯಾರೆಲ್ಲಿನಲ್ಲಿ ತುಂಬಿಡುವುದರಿಂದ ತುಕ್ಕು, ನೀರು, ಕಸ ಎಲ್ಲವೂ ಅಲ್ಲಿಗೆ ಬಂದು ಕಟ್ಟಿಕೊಳ್ಳುತ್ತಿದ್ದವು. ಉಳುತ್ತಿದ್ದ ಗಾಡಿ ಏದುಸಿರು ಬಿಟ್ಟು ನಿಲ್ಲುತ್ತಿತ್ತು. ಫಿಲ್ಟರ್ ಬದಲಿಸಬೇಕೆಂದರೆ ಪಕ್ಕದ ತಗಡು ಬಿಚ್ಚಿ, ಬ್ಯಾಟರಿ ಇಳಿಸಿ, ಕಾದ ಕಬ್ಬಿಣದ ಸಂದಿಯಲ್ಲಿ ಎರಡೂ ಕೈ ತೂರಿಸಬೇಕು. ಆಮೇಲೆ ಪೈಪಿನಲ್ಲಿ ಸೇರಿಕೊಂಡ ಗಾಳಿಯನ್ನು ಹೊರಡಿಸಬೇಕು. ಮೆಕ್ಯಾನಿಕ್ ಬರುವವರೆಗೆ ಗಾಡಿ ಹೊಲದಲ್ಲೇ.

ಉಡಿಗಾಲದ ದೊಡ್ಡಮಲ್ಲಮ್ಮನವರು ಅಂಥ ಗಾಡಿಯನ್ನು ತಾವೇ ಓಡಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ನಾಲ್ಕು ಎಕರೆಯನ್ನು ಒಬ್ಬರೇ ನಿಭಾಯಿಸುತ್ತಿದ್ದ ಹೆಂಗಸು. ಎಡಗೈ ಮಣಿಕಟ್ಟು ಹಿಂದೊಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿದ್ದರಿಂದ ಆ ಕೈ ಹೆಚ್ಚು ತಿರುಗುತ್ತಿರಲಿಲ್ಲ. 2005ರ ಬಿತ್ತನೆ ಕಾಲದಲ್ಲಿ ಒಂದೇ ತಿಂಗಳೊಳಗೆ ಮೂರನೆಯ ಸಲ ಗಾಡಿ ನಿಂತಾಗ ಅವರು ಆಡಿದ ಮಾತು ನೂರುಲ್ಲಾ ಅವರ ಮನಸ್ಸಿನಲ್ಲಿ ನಿಂತುಬಿಟ್ಟಿತು.

"ನೀವ್ ಬರೋಗಂಟ ಹೊಲದ ಮಧ್ಯದಲ್ಲಿ ನಾನೊಬ್ಳೇ ನಿಂತಿರ್ತೀನಿ ನೂರಣ್ಣ. ಕೆಟ್ಟಿರೋದು ಗಾಡಿ. ಜನ ನಗೋದು ನನ್ನ ನೋಡಿ."

ನೂರುಲ್ಲಾ ಆ ದಿನ ಫಿಲ್ಟರ್ ಬದಲಿಸಲಿಲ್ಲ. ಗಾಡಿಯ ಪಕ್ಕ ನಿಂತು ಬಲಗೈಯನ್ನು ಸುಮ್ಮನೆ ಚಾಚುವಂತೆ ದೊಡ್ಡಮಲ್ಲಮ್ಮನವರಿಗೆ ಹೇಳಿ, ಬೆರಳು ತಾಗಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡರು. ಮಾರನೆಯ ದಿನ ಒಂದು ಕಬ್ಬಿಣದ ಪಟ್ಟಿ ಬೆಸೆದು ತಂದು, ಎರಡೂ ಫಿಲ್ಟರುಗಳನ್ನು ಸಂದಿಯಿಂದ ಹೊರತಂದು ಅದೇ ಗುರುತಿನ ಮೇಲೆ ಕೂರಿಸಿದರು. ಮೊದಲನೆಯದಕ್ಕೆ ಒಳಗಿನ ನೀರು ಕಾಣುವಂಥ ಗಾಜಿನ ಬಟ್ಟಲು, ಅದರಡಿಗೆ ಪುಟ್ಟ ನಲ್ಲಿ. ಒಂದೇ ಕೈಯಲ್ಲಿ ನೀರು ಬಿಡುವುದನ್ನೂ, ಫಿಲ್ಟರ್ ತಿರುಚಿ ಬದಲಿಸುವುದನ್ನೂ, ಗಾಳಿ ತೆಗೆಯುವುದನ್ನೂ ಕಲಿಸಿದರು. ಅಲ್ಲಿಂದಾಚೆಗೆ ಆ ಕೆಲಸಕ್ಕಾಗಿ ಉಡಿಗಾಲದಿಂದ ಕರೆ ಬರಲಿಲ್ಲ.

ಸುದ್ದಿ ಹರಡಿತು. ವರ್ಷದೊಳಗೆ ಇನ್ನೂ ಆರು ಗಾಡಿಗಳಿಗೆ ಹೀಗೆಯೇ ಮಾಡಿಕೊಟ್ಟರು. ಆರನೆಯದು ತೆರಕಣಾಂಬಿಯ ಶಿವಮಲ್ಲಪ್ಪನವರದು. ಅಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಪೈಪನ್ನು ಬಿಗಿಹಿಡಿಯುವ ಕ್ಲಿಪ್ಪು ಒಂದು ಕಡಿಮೆ ಬಿತ್ತು. ನೂರುಲ್ಲಾ ಆ ಜಾಗಕ್ಕೆ ತಂತಿ ಸುತ್ತಿ, ನಾಳೆ ಬಂದು ಕ್ಲಿಪ್ಪು ಹಾಕುವುದಾಗಿ ಹೇಳಿ ಬಂದರು. ಮಾರನೆಯ ದಿನ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಆಮೇಲೆ ಮರೆತೇಹೋಯಿತು.

ಹನ್ನೊಂದನೆಯ ದಿನ ತಂತಿ ಸಡಿಲಗೊಂಡು ಪೈಪು ಸೈಲೆನ್ಸರಿನ ಮೇಲೆ ಜೋತುಬಿತ್ತು. ಡೀಸೆಲ್ ಹೊತ್ತಿಕೊಂಡಿತು. ಶಿವಮಲ್ಲಪ್ಪನವರು ಗಾಡಿಯಿಂದ ಹಾರಿದರೂ ಬಲಗಾಲು ಮಂಡಿಯವರೆಗೆ ಸುಟ್ಟು, ಮೈಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಬೇಕಾಯಿತು.

ಸಂಘ ವಿವರಣೆ ಕೇಳಿದಾಗ ನೂರುಲ್ಲಾ ಬರೆದುಕೊಟ್ಟದ್ದು ಎರಡೇ ಸಾಲು: ಕ್ಲಿಪ್ಪು ಹಾಕಬೇಕಿತ್ತು, ಹಾಕಲಿಲ್ಲ, ತಪ್ಪು ನನ್ನದು. ಕ್ಲಿಪ್ಪು ಹಾಕಲು ಹೋಗಬೇಕಿದ್ದ ಆ ಮಾರನೆಯ ದಿನ ಮಹಮೂದಾ ಅವರು ತೀರಿಕೊಂಡು ಮೂರು ವರ್ಷವಾದ ದಿನವಾಗಿತ್ತೆಂಬುದನ್ನೂ, ಅಂದು ಗೋರಿಯ ಬಳಿ ಹೋಗಿ ಬಂದು ಮನೆಯಲ್ಲೇ ಕುಳಿತುಬಿಟ್ಟಿದ್ದರೆಂಬುದನ್ನೂ ಅವರು ಬರೆಯಲಿಲ್ಲ. ಈ ಲೇಖನಕ್ಕಾಗಿ ಮಾತನಾಡಿಸಿದಾಗಲಷ್ಟೇ, ಅದೂ ಕೆದಕಿ ಕೇಳಿದ ಮೇಲೆ, ತಿಳಿದುಬಂದ ವಿಷಯ ಅದು.

ಆಸ್ಪತ್ರೆಗೆ ಅವರು ಎರಡು ಸಲ ಹೋದರು. ಎರಡನೆಯ ಸಲ ಶಿವಮಲ್ಲಪ್ಪನವರ ಮಡದಿ ನಾಗರತ್ನ ಹೊರಗೆ ಬಂದು, "ನೀವು ಬಂದು ನಿಂತ್ರೆ ಅವರು ಏನೂ ಅನ್ನಲ್ಲ. ನಂಗೆ ನೋಡಕಾಗಲ್ಲ, ಬರ್ಬೇಡಿ" ಎಂದರು. ಅವರು ಮತ್ತೆ ಹೋಗಲಿಲ್ಲ. ರಜೆ ಹಾಕಿ, ಬಸ್ಸಿನಲ್ಲಿ ಊರೂರು ತಿರುಗಿ, ತಾವು ಕೈಯಾಡಿಸಿದ್ದ ಉಳಿದ ಗಾಡಿಗಳ ಒಂದೊಂದು ಕ್ಲಿಪ್ಪನ್ನೂ ಜಗ್ಗಿ ನೋಡಿ ಬಂದರು.

ಸಂಘದ ಆಡಳಿತ ಮಂಡಳಿ ಅವರನ್ನು ಗುಂಡ್ಲುಪೇಟೆಯ ಉಗ್ರಾಣಕ್ಕೆ ವರ್ಗ ಮಾಡಿತು. ಮುಂದಿನ ಆದೇಶದವರೆಗೆ ಉಪಕರಣ ಮುಟ್ಟಕೂಡದೆಂಬ ಷರತ್ತಿಗೆ ಅವರು ಸಹಿ ಹಾಕಿದರು. ಮೂವತ್ತೆರಡು ವರ್ಷ ಗ್ರೀಸಿನಲ್ಲಿ ಅದ್ದಿದ್ದ ಕೈಗಳು ಹದಿನಾಲ್ಕು ತಿಂಗಳು ಬೋಲ್ಟು, ಬೇರಿಂಗುಗಳನ್ನು ಎಣಿಸಿ ಡಬ್ಬಿಗೆ ತುಂಬಿದವು. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದಿದ್ದರು. ಸಂಜೆ ನಿಲ್ದಾಣಕ್ಕೆ ಹೋಗಿ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರು. ಯಾರಿಗಾಗಿಯೂ ಕಾಯುತ್ತಿರಲಿಲ್ಲ. ಕಂಡಕ್ಟರುಗಳು ಊರುಗಳ ಹೆಸರು ಕೂಗುವುದನ್ನು ಕೇಳಿಸಿಕೊಂಡು, ಕತ್ತಲಾಗುವ ಮುನ್ನ ಎದ್ದು ಹೋಗುತ್ತಿದ್ದರು. ಕೈ ಬೆಳ್ಳಗಾಗುತ್ತಾ ಬಂದದ್ದೇ ತಮಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವೆನಿಸುತ್ತಿತ್ತು ಎಂದು ಅವರು ಈಗ ಹೇಳುತ್ತಾರೆ.

2007ರ ಕೊನೆಗೆ ಒಂದು ಬೆಳಿಗ್ಗೆ ಉಗ್ರಾಣದ ಮುಂದೆ ಸಣ್ಣ ಟ್ರಾಕ್ಟರ್ ಒಂದು ಬಂದು ನಿಂತಿತು. ಇಳಿದವರು ಶಿವಮಲ್ಲಪ್ಪ. ಕಾಲು ತುಸು ಎಳೆಯುತ್ತಿತ್ತು. ಸುಟ್ಟ ಗಾಡಿಯನ್ನು ಸರಿಮಾಡಿಸುವಾಗ ಫಿಲ್ಟರುಗಳನ್ನು ಮತ್ತೆ ಹಳೆಯ ಸಂದಿಯಲ್ಲೇ ಹಾಕಿದ್ದರಂತೆ. ಮತ್ತೆ ಕಟ್ಟಿಕೊಳ್ಳುತ್ತಿವೆ, ಹೊರಗೆ ಹಾಕಿಕೊಡಿ ಎಂದರು. ನೂರುಲ್ಲಾ ಅದು ಬೇಡವೆಂದಷ್ಟೇ ಹೇಳಿದರು.

"ಸುಟ್ಟಿದ್ದು ನನ್ ಕಾಲು ನೂರಣ್ಣ. ಬ್ಯಾಡ ಅನ್ನೋದಾದ್ರೆ ನಾನನ್ಬೇಕು. ನಾನ್ ಅಂತಿಲ್ಲ."

"ನಾನು ಸ್ಪ್ಯಾನರ್ ಮುಟ್ಟಂಗಿಲ್ಲ ಶಿವಮಲ್ಲಪ್ಪೋರೆ. ಸಹಿ ಹಾಕಿ ಕೊಟ್ಟಿದೀನಿ."

"ಮುಟ್ಬೇಡಿ. ಬಾಯಲ್ಲಿ ಹೇಳಿ. ಮಾಡಕೆ ನನ್ ಕೈ ಅದೆ."

ಹಾಗೆಯೇ ನಡೆಯಿತು. ನೂರುಲ್ಲಾ ಒಂದು ಖಾಲಿ ಡಬ್ಬದ ಮೇಲೆ ಕುಳಿತು, ತಮ್ಮ ಎರಡೂ ಕೈಗಳನ್ನು ತೊಡೆಯ ನಡುವೆ ಅದುಮಿಕೊಂಡು ಹೇಳುತ್ತಾ ಹೋದರು. ಶಿವಮಲ್ಲಪ್ಪ ಮಾಡುತ್ತಾ ಹೋದರು. ಯಾವ ಬೋಲ್ಟನ್ನು ಮೊದಲು ಸಡಿಲಿಸಬೇಕು, ಪೈಪನ್ನು ಸೈಲೆನ್ಸರಿನಿಂದ ಎಷ್ಟು ಗೇಣು ದೂರ ತರಬೇಕು, ಗಾಳಿ ಗುಳ್ಳೆ ನಿಂತದ್ದು ಹೇಗೆ ತಿಳಿಯುತ್ತದೆ. ಕ್ಲಿಪ್ಪಿನ ಸರದಿ ಬಂದಾಗ ಒಂದಕ್ಕೆ ಎರಡು ಹಾಕಿಸಿದರು. ಜಗ್ಗಿ ನೋಡಲು ಹೇಳಿದರು. ಮತ್ತೊಮ್ಮೆ ಜಗ್ಗಲು ಹೇಳಿದರು. ಗಾಡಿ ಒಂದು ಗಂಟೆ ಓಡಿ ಬಿಸಿಯಾದ ಮೇಲೆ ಮೂರನೆಯ ಸಲ ಜಗ್ಗಿಸಿದರು. ಮಧ್ಯಾಹ್ನ ಶಿವಮಲ್ಲಪ್ಪ ಬುತ್ತಿ ಬಿಚ್ಚಿದರೆ ಇಬ್ಬರಿಗಾಗುವಷ್ಟು ರಾಗಿಮುದ್ದೆ, ಅವರೆಕಾಳು ಸಾರು. "ನಿಮಗೂ ಸೇರ್ಸಿ ಕಟ್ಟವ್ಳೆ" ಎಂದರು. ನಾಗರತ್ನ ಎಂದು ಹೆಸರು ಹೇಳಲಿಲ್ಲ. ನೂರುಲ್ಲಾ ಕೈ ತೊಳೆದುಕೊಂಡು ಬರುವುದಾಗಿ ಹೇಳಿ ಒಳಗೆ ಹೋದವರಿಗೆ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

ಮುಂದಿನ ವಾರ ಶಿವಮಲ್ಲಪ್ಪನವರೇ ಆಡಳಿತ ಮಂಡಳಿಗೆ ಪತ್ರ ಬರೆದರು. ಇವರನ್ನು ಡಬ್ಬಿ ಎಣಿಸಲು ಕೂರಿಸಿರುವುದು ರೈತರಿಗೆ ಆಗುತ್ತಿರುವ ನಷ್ಟ, ಕಲಿಸಲು ಕಳಿಸಿ ಎಂಬುದು ಅದರ ಸಾರ. ಆಗ ಕಾರ್ಯದರ್ಶಿಯಾಗಿದ್ದ ಶ್ರೀ ಸೋಮಶೇಖರ್ ಆ ಪತ್ರವನ್ನು ಮಂಡಳಿಯ ಮುಂದಿಟ್ಟು ಷರತ್ತು ತೆಗೆಸಿದರು. 2008ರಿಂದ ಪ್ರತಿ ಮಂಗಳವಾರ ನೂರುಲ್ಲಾ ಅವರು ತೆರಕಣಾಂಬಿಯಲ್ಲಿ ರೈತರಿಗೆ ಗಾಡಿಯ ಪಾಠ ಹೇಳುತ್ತಿದ್ದಾರೆ. ಈವರೆಗೆ ನೂರಕ್ಕೂ ಹೆಚ್ಚು ಮಂದಿ ಕಲಿತಿದ್ದು, ಅವರಲ್ಲಿ ಹದಿನೇಳು ಹೆಂಗಸರು. ಪಾಠ ಹೇಳುವಾಗ ಅವರು ತಾವಾಗಿ ಸ್ಪ್ಯಾನರ್ ಹಿಡಿಯುವುದಿಲ್ಲ. ಕಲಿಯುವವರ ಕೈಯಲ್ಲೇ ಮಾಡಿಸುತ್ತಾರೆ.

ಈ ಸಂಪುಟಕ್ಕೆ ಒಪ್ಪಿಗೆ ಕೇಳಲು ಶ್ರೀ ಸೋಮಶೇಖರ್ ಅವರೊಡನೆ ನಾವು ಕೆಲವರು ಹೋದಾಗ, ಹಾರ ಶಾಲುಗಳ ಬಗ್ಗೆ ಅವರು ಏನೂ ಹೇಳಲಿಲ್ಲ. ಒಂದು ಮಾತು ಮಾತ್ರ ಹೇಳಿದರು: "ಬೆಂಕಿ ವಿಷಯ ಬರೀರಿ ಸಾರ್. ಅದನ್ನ ಬುಟ್ಟು ಬರೆದ್ರೆ ಬೇರೆ ಯಾರ್ದೋ ಕತೆ ಆಯ್ತದೆ."

ಅವರು ಹೇಳಿದಂತೆ ಬರೆದಿದ್ದೇವೆ. ಅವರು ಬರೆಯಲು ಹೇಳದ ಒಂದು ಸಂಗತಿಯನ್ನು ನಾವೇ ಸೇರಿಸುತ್ತಿದ್ದೇವೆ. ಆ ಹದಿನಾಲ್ಕು ತಿಂಗಳಲ್ಲಿ ಕೆಲಸದ ಮೇಲೆ ಗುಂಡ್ಲುಪೇಟೆಗೆ ಹೋಗಿ ಬಂದ ನಾವೆಲ್ಲರೂ ಉಗ್ರಾಣದಲ್ಲಿ ಅವರ ಸಹಿ ಪಡೆದು ಹಿಂದಿರುಗಿದೆವು. ಅವರ ಕೋಣೆ ಎಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ.

ಶ್ರೀ ನೂರುಲ್ಲಾ ಅವರಿಗೆ ದೀರ್ಘವಾದ ಆಯುಷ್ಯವೂ ದುಡಿಯುವ ಕೈಗಳಿಗೆ ಬಲವೂ ದೊರೆಯಲಿ; ಮಂಗಳವಾರದ ಪಾಠ ನಿವೃತ್ತಿಯ ನಂತರವೂ ಬಹುಕಾಲ ಸಾಗಲಿ. ವಾರದ ಉಳಿದ ಆರು ದಿನಗಳಲ್ಲಿ, ಯಾವ ಗಾಡಿಯೂ ಕೆಟ್ಟಿಲ್ಲದಿರುವಾಗ, ಅವರ ಬಾಗಿಲು ತಟ್ಟುವ ಸೌಜನ್ಯ ನಮಗೆ ಈಗಲಾದರೂ ಬರಲಿ.