ಸೋಪು ಹಚ್ಚದೆ ದಾಟುವಂತಿಲ್ಲ

ಕೋಲ್ಬೈನ್‌ನನ್ನು ಅಂಗಡಿಯ ಮಾಲಿನಂತೆ ತೂಗಿ ನೋಡಿದರೆ ಸಿಗುವ ವಿವರ ಇಷ್ಟೇ: ವಯಸ್ಸು ಅರವತ್ತೊಂದು, ಅಗಲ ಬಾಗಿಲಿನಷ್ಟು, ಮಂಡಿ ಎರಡೂ ಸವೆದಿವೆ, ನಗು ದಾಸ್ತಾನಿನಲ್ಲಿಲ್ಲ. ಕೊಳ್ಳುವವರಿಗೆ ಮೊದಲೇ ಹೇಳಿಬಿಡಬೇಕಾದ ದೋಷ ಒಂದಿದೆ. ಬಗ್ಗುವುದಿಲ್ಲ.

ಮೂವತ್ತು ವರ್ಷ ಮೀನುದೋಣಿಯಲ್ಲಿ ದುಡಿದವನು. ದೋಣಿಯ ಯಜಮಾನ ಮೀನು ಹಿಡಿಯುವ ಹಕ್ಕನ್ನು ರಾಜಧಾನಿಯವರಿಗೆ ಮಾರಿ ಸ್ಪೇನಿಗೆ ಬಿಸಿಲು ಕಾಯಲು ಹೋದ ಮೇಲೆ, ಕೋಲ್ಬೈನ್ ನಮ್ಮ ಕಾಲ್ಡವೀಕ್ ಪುರಸಭೆಯ ಈಜುಕೊಳದಲ್ಲಿ ಗಂಡಸರ ಸ್ನಾನದ ಮನೆಯ ಕಾವಲಿಗೆ ಕೂತ. ಊರು ಪ್ರವಾಸಿಗರನ್ನು ನಂಬಿ ಬದುಕತೊಡಗಿತು. ನಮ್ಮ ಅಜ್ಜಂದಿರ ಕಾಲಕ್ಕೆ ಕುರಿದೊಡ್ಡಿಯವರೆಗೆ ಚಾಚಿದ್ದ ಹಿಮನದಿಯನ್ನು ಕಾಣಲು ಈಗ ಜೀಪಿನಲ್ಲಿ ಒಂದು ಗಂಟೆ ಹೋಗಬೇಕು. ಅದು ಹಿಂದೆ ಸರಿದಷ್ಟೂ ನಾವು ಬಾಡಿಗೆ ಏರಿಸಿದೆವು. ಸೀಲ್ ಪ್ರಾಣಿಗಳು ಎಷ್ಟು ಗಂಟೆಗೆ ಕಡಲಿನಿಂದ ಹೊರಗೆ ಬರುತ್ತವೆ ಎಂದು ಕೇಳುವವರಿಗೆ ಹತ್ತೂವರೆಗೆ ಅನ್ನುತ್ತೇವೆ. ಟಿಕೆಟ್ ಕೊಡುವ ಕಿಟಕಿ ತೆರೆಯುವುದು ಹತ್ತಕ್ಕೆ.

ಇಷ್ಟೆಲ್ಲ ಸಡಿಲವಾದ ಊರಿನಲ್ಲಿ ಬಿಗಿಯಾಗಿ ಉಳಿದದ್ದು ಒಂದೇ ನಿಯಮ. ಕೊಳದ ನೀರಿಗೆ ನಾವು ಕ್ರಿಮಿ ಕೊಲ್ಲುವ ಮದ್ದು ಹಾಕುವುದು ತೀರ ಕಡಿಮೆ. ಆದ್ದರಿಂದ ಇಳಿಯುವ ಮೊದಲು ಬರಿಮೈಯಲ್ಲಿ ನಿಂತು ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಎಲ್ಲೆಲ್ಲಿ ಉಜ್ಜಬೇಕೆಂದು ಗೋಡೆಯ ಮೇಲೆ ಮನುಷ್ಯನ ಚಿತ್ರ ಬರೆದು ಕೆಂಪು ಬಳಿದಿದ್ದಾರೆ. ತಲೆ, ಕಂಕುಳು, ತೊಡೆಸಂದು, ಪಾದ. ಅಕ್ಷರ ಬಾರದವನಿಗೂ ಅರ್ಥವಾಗುತ್ತದೆ, ಅರ್ಥವಾಗದಿರುವುದು ಲೋಕ ಸುತ್ತಿದವರಿಗೆ ಮಾತ್ರ.

ಕಳೆದ ಜೂನಿನಲ್ಲಿ ಹಾರ್ಟ್‌ವಿಗ್ ಎಂಬ ಜರ್ಮನಿಯ ಮನುಷ್ಯ ಬಂದ. ಪ್ರವಾಸಿ ಹಡಗುಗಳು ಯಾವ ಊರಿನಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವುದು ಅವನ ಕೆಲಸ. ಅವನು ತಲೆಯಾಡಿಸಿದರೆ ಬೇಸಿಗೆಗೆ ಹದಿನಾಲ್ಕು ಹಡಗು, ಹಡಗಿಗೆ ಒಂಬೈನೂರು ತಲೆ, ಪ್ರತಿ ತಲೆಗೂ ಒಂದು ಉಣ್ಣೆಯ ಟೋಪಿ ಬೇಕಾಗುತ್ತದೆ ಎಂಬುದು ನಮ್ಮ ಆಸೆ. ಅವನಿಗೆ ಹಿಮನದಿ ತೋರಿಸಿದೆವು, ಪಫಿನ್ ಹಕ್ಕಿಗಳನ್ನು ತೋರಿಸಿದೆವು, ಸಿಗಡಿಯ ಸೂಪು ಕುಡಿಸಿದೆವು. ಕಡೆಯದಾಗಿ ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿ. ಅಲ್ಲಿ ಕುತ್ತಿಗೆಯವರೆಗೆ ಮುಳುಗಿ ಒಟ್ಟಿಗೆ ಕೂರದೆ ಕಾಲ್ಡವೀಕಿನಲ್ಲಿ ಯಾವ ಮಾತೂ ಪಕ್ಕಾ ಆಗುವುದಿಲ್ಲ.

ಅಂದು ಬೆಳಿಗ್ಗೆಯೇ ಪುರಸಭೆಯ ಅಧ್ಯಕ್ಷೆ ಆಲ್ದಿಸ್ ಕೋಲ್ಬೈನ್‌ನ ಹತ್ತಿರ ಬಂದಿದ್ದಳು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು.

"ಇವತ್ತೊಂದಿನ ಕಣ್ಣು ಆ ಕಡೆ ಇಟ್ಕೋ ಮಾರಾಯ. ಹಡಗು ಬರ್ಲಿಲ್ಲ ಅಂದ್ರೆ ನಿನ್ನ ಕುರ್ಚೀನೂ ಉಳಿಯಲ್ಲ."

"ನಾನು ಆ ಕಡೆ ನೋಡ್ತೀನಿ ಕಣೇ. ಅವನ ಚಡ್ಡಿ ನೆಂದಿರೋ ನೀರಲ್ಲಿ ಗಲ್ಲದ ತನಕ ಕೂರೋಳು ನೀನು."

ಹಾಗೆ ಅಂದನೇ ಹೊರತು, ಅವಳು ಹೋದ ಮೇಲೆ ಕೋಲ್ಬೈನ್ ಬಹಳ ಹೊತ್ತು ಒದ್ದೆ ನೆಲವನ್ನು ಒರೆಸುತ್ತಲೇ ಇದ್ದ. ಈ ಕುರ್ಚಿ ಹೋದರೆ ಈ ಮಂಡಿಗಳಿಗೆ ಊರಿನಲ್ಲಿ ಬೇರೆ ಕೆಲಸವಿಲ್ಲ. ಊರನ್ನೇ ಬಿಡಬೇಕು.

ನಾಲ್ಕು ಗಂಟೆಗೆ ಹಾರ್ಟ್‌ವಿಗ್ ಹೂವಿನ ಚಡ್ಡಿ ತೊಟ್ಟೇ ಒಳಗೆ ಬಂದ. ಷವರಿನ ಕೆಳಗೆ ತಲೆಯೊಡ್ಡಿ ನಾಲ್ಕು ಹನಿ ಬೀಳಿಸಿಕೊಂಡು ಕೊಳದ ಬಾಗಿಲಿಗೆ ನಡೆದ. ಅಲ್ಲಿ ಬಾಗಿಲಿರಲಿಲ್ಲ, ಕೋಲ್ಬೈನ್ ಇದ್ದ. ಅವನು ಕೈ ಎತ್ತಿ ಗೋಡೆಯ ಚಿತ್ರ ತೋರಿಸಿದ. ತಾನು ಬೆಳಿಗ್ಗೆ ಹೋಟೆಲಿನಲ್ಲೇ ಸ್ನಾನ ಮಾಡಿದ್ದೇನೆ ಎಂದು ಹಾರ್ಟ್‌ವಿಗ್ ಹೇಳಿದ. ಕೋಲ್ಬೈನ್ ಸೋಪು ನೀಡಿದ. ಹಿಂದಿನ ವಾರ ಅವನು ಊರಿನ ಪಾದ್ರಿಯನ್ನೇ ಹಿಂದಕ್ಕೆ ಕಳಿಸಿ ಪಾದ ತೊಳೆಸಿದ್ದ. ಪಾದ್ರಿಗೆ ಸಿಗದ ರಿಯಾಯಿತಿ ಹಡಗಿನವನಿಗೆ ಸಿಗುವುದು ಹೇಗೆ?

"ನಾನು ಯಾರು ಗೊತ್ತಾ ನಿಂಗೆ?"

"ಗೊತ್ತು. ಇನ್ನೂ ಸೋಪು ಹಚ್ಚದೇ ಇರೋನು."

ಹೊರಗೆ ತೊಟ್ಟಿಯಲ್ಲಿ ಆಲ್ದಿಸ್ ಮತ್ತು ಪುರಸಭೆಯ ಐದು ಮಂದಿ ಗಂಡಸರು ನಗುವನ್ನು ಸಿದ್ಧವಾಗಿಟ್ಟುಕೊಂಡು ಕಾಯುತ್ತಿದ್ದರು. ಅರ್ಧ ಗಂಟೆ ಬೆಂದ ಮೇಲೆ, ಅತಿಥಿ ಬಟ್ಟೆ ಹಾಕಿಕೊಂಡು ಕಾರು ಹತ್ತಿದ ಸುದ್ದಿ ಬಂತು. ಹಡಗುಗಳು ಪಕ್ಕದ ಊರಿನ ಪಾಲಾದವು.

ಹತ್ತು ದಿನ ಬಿಟ್ಟು ಪುರಸಭೆ ಸೇರಿತು, ಅದೇ ತೊಟ್ಟಿಯಲ್ಲಿ. ಐವರು ಗಂಡಸರೂ ಕೋಲ್ಬೈನ್‌ನ ಕಣ್ಣೆದುರೇ ಬಟ್ಟೆ ಕಳಚಿ, ಕೆಂಪು ಜಾಗಗಳನ್ನೆಲ್ಲ ಉಜ್ಜಿ, ಅವನು ತಲೆಯಾಡಿಸಿದ ಮೇಲೆಯೇ ಅವನನ್ನು ಕೆಲಸದಿಂದ ತೆಗೆಯಲು ಹೊರಟದ್ದು. ತೀರ್ಮಾನಕ್ಕೆ ಎರಡು ನಿಮಿಷ ಹಿಡಿಯಿತು. ಆಮೇಲೆ ಆಲ್ದಿಸ್ ಕೇಳಿದಳು.

"ಸರಿ, ಅವನಿಗೆ ಹೇಳೋರು ಯಾರು?"

ಮೂರು ಮನೆ ಆಚೆ ಇರುವವನಿಗೆ ಕಾಗದ ಬರೆಯುವುದು ನಮ್ಮಲ್ಲಿ ಅವಮಾನದ ಸಂಗತಿ. ಬಾಯಲ್ಲೇ ಹೇಳಬೇಕು, ಅದೂ ಕೆಲಸದ ಜಾಗದಲ್ಲಿ; ಮನೆ ಬಾಗಿಲಿಗೆ ಹೋಗಿ ಕೆಲಸ ಕಿತ್ತುಕೊಳ್ಳುವುದು ಇನ್ನೂ ದೊಡ್ಡ ಅವಮಾನ. ಅವನು ಇಡೀ ದಿನ ಇರುವುದು ಗಂಡಸರ ಸ್ನಾನದ ಮನೆಯಲ್ಲಿ, ಅಲ್ಲಿಗೆ ಆಲ್ದಿಸ್ ಹೋಗುವಂತಿಲ್ಲ. ಹೋಗುವ ಗಂಡಸು ಬರಿಮೈಯಲ್ಲಿ, ಕೈಯಲ್ಲಿ ಸೋಪು ಹಿಡಿದು, ಅವನ ಮುಖ ನೋಡಿ ಹೇಳಬೇಕು. ಐವರೂ ತಂತಮ್ಮ ಕಾಲಬೆರಳು ನೋಡುತ್ತ ಕೂತರು. ನೀರು ಅಷ್ಟು ತಿಳಿಯಾಗಿತ್ತು.

"ಗಂಡಸರು," ಎಂದಳು ಆಲ್ದಿಸ್. "ಮುಂದಿನ ವಿಷಯ ಬೀದಿದೀಪ."

ಕೋಲ್ಬೈನ್ ಈಗಲೂ ಅಲ್ಲೇ ಇದ್ದಾನೆ. ಅವನನ್ನು ತೆಗೆಯೋಣ ಎಂದು ಆ ತೊಟ್ಟಿಯಲ್ಲಿ ಮೊದಲು ಬಾಯಿ ಬಿಟ್ಟವನು, ಆ ಐವರಲ್ಲಿ ಒಬ್ಬನಾದ ಟೋಪಿ ಅಂಗಡಿಯ ನಾನು. ಅದು ಅವನಿಗೆ ಗೊತ್ತಿಲ್ಲ. ಅವನೆದುರು ನಿಂತು ಅದನ್ನು ಒಪ್ಪಿಕೊಂಡು ಕ್ಷಮೆ ಕೇಳುವುದು ಇನ್ನೂ ಬಾಕಿ ಇದೆ.