ಪಾರಿವಾಳ ಮತ್ತು ಕುಂಕುಮದ ಹೆಬ್ಬೆರಳು

ಕುರ್ಲಾದ ನಮ್ಮ ಅಡುಗೆಮನೆಯ ಕಿಟಕಿಗೆ ದಿನವೂ ಬಂದು ರೊಟ್ಟಿ ಕದಿಯುವ ಪಾರಿವಾಳವೊಂದಿದೆ. ಮಗಳ ಹಳೆಯ ಟ್ಯಾಬ್ಲೆಟ್ಟಿನ ಮೇಲೆ ಅದನ್ನು ಬಿಡಿಸಿ, ಚಿತ್ರಕ್ಕೆ ಚಿತ್ರ ಜೋಡಿಸಿ, ಹತ್ತು ಸೆಕೆಂಡು ನಡೆಯುವಂತೆ ಮಾಡಿದೆ. ಆ ಹತ್ತು ಸೆಕೆಂಡಿಗೆ ಎರಡು ತಿಂಗಳು ಹಿಡಿಯಿತು. ಕನ್ನಡ ಸಂಘದವರು ದಸರೆಯ ಸಂಜೆ ತೋರಿಸಲು ಒಪ್ಪಿದರು. ಆದರೆ ಅಲ್ಲಿನ ಹಿರಿಯರೊಬ್ಬರು ಕೇಳಿಯೇಬಿಟ್ಟರು: "ಇದನ್ನ ನೀವು ತಗದೀರೋ, ಕಂಪ್ಯೂಟರ್ ತಗದೈತೋ? ಖಾತ್ರಿ ಆಗದ ಪರದೆಗೆ ಹಾಕಾಂಗಿಲ್ಲ."

ಮನಸ್ಸಿಗೆ ಚುಚ್ಚಿತು. "ಮಮ್ಮಿ, ಟೈಮ್‌ಲ್ಯಾಪ್ಸ್ ಬನಾವೋ ನಾ," ಎಂದಳು ಮಗಳು. ತಾಸುಗಟ್ಟಲೆ ಕೆಲಸವನ್ನು ಫೋನು ಎರಡು ನಿಮಿಷಕ್ಕೆ ಓಡಿಸಿ ತೋರಿಸುತ್ತದಂತೆ. ಖಂಡೇನವಮಿಯ ಸಂಜೆಯೊಳಗೆ ಕಳಿಸಬೇಕಿತ್ತು. ಅಂದು ಬೆಳಗ್ಗೆ ಫೋನನ್ನು ಅವಲಕ್ಕಿ ಡಬ್ಬಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ದೇವರಿಗೆ ಕೈಮುಗಿದು, ಕೊನೆಯ ಚಿತ್ರವನ್ನು ಮತ್ತೊಮ್ಮೆ ಮೊದಲಿನಿಂದ ಬಿಡಿಸಲು ಕುಳಿತೆ. ಪಾರಿವಾಳದ ಬಾಲಕ್ಕೆ ಬಣ್ಣ ತುಂಬಿ ಮುಗಿಸುವುದಕ್ಕೂ ಕುಕ್ಕರ್ ಕೂಗುವುದಕ್ಕೂ ಸರಿಹೋಯಿತು. ಹೋಳಿಗೆಯ ಬೇಳೆ ಬಸಿದು ಬರುವಷ್ಟರಲ್ಲಿ ಟೇಬಲ್ ಖಾಲಿ!

ನಮ್ಮವರು ಬೈಕುಲ್ಲಾದ ವರ್ಕ್‌ಶಾಪಿನಲ್ಲಿ ಲೇತ್ ನಡೆಸುವವರು. ಖಂಡೇನವಮಿಯ ಆಯುಧಪೂಜೆ ಅವರದೇ ಖಾತೆ. ಪಾನಾ, ಸುತ್ತಿಗೆ, ನನ್ನ ಕತ್ತರಿಯ ಸಾಲಿನಲ್ಲಿ ಟ್ಯಾಬ್ಲೆಟ್ಟೂ ಡಬ್ಬಿ ಸಮೇತ ಫೋನೂ ದೇವಿಯ ಮುಂದೆ ಚೆಂಡುಹೂ ಮುಡಿದು ಕುಳಿತಿದ್ದವು.

"ಪೂಜಾ ಆತು. ಇನ್ನ ನಾಳಿ ತನಕಾ ಮುಟ್ಟಾಂಗಿಲ್ಲ."

"ರೀ, ಅದರಾಗ ಇನ್ನೂ ಶೂಟಿಂಗ್ ನಡದೈತ್ರಿ!"

"ನಡೀಲಿ. ಆಯುಧ ಅಂದಮ್ಯಾಲೆ ಆಯುಧ."

"ಹಂಗಾರ ನಿಮ್ಮ ಕೈಯಾಗಿನ ಫೋನು?"

"ಇದು ಆಯುಧ ಅಲ್ಲ, ಟೈಂಪಾಸ್."

"ದೇವರಿಗೆ ಸಾರಿ ಹೇಳಿ ಉಠಾ ಲೋ, ಮಮ್ಮಿ," ಎಂದಳು ಮಗಳು. ಕೈ ಚಾಚಿದೆ. ದೀಪ ಚಟ್ ಎಂದಿತು. ಕೈ ಹಿಂದಕ್ಕೆ ಬಂತು.

ಅವರ ಟೈಂಪಾಸ್ ಫೋನಿನಿಂದಲೇ ಸಂಘದ ಕಾರ್ಯದರ್ಶಿ ಅಕ್ಕನಿಗೆ ಹಚ್ಚಿದೆ. "ಅಕ್ಕಾರ, ನನ್ನ ಪಾರಿವಾಳ ಪೂಜಾಕ್ಕ ಕುಂತೈತ್ರಿ."

"ನಮ್ಮ ಮಿಕ್ಸೀನೂ ಕುಂತೈತಿ ತಂಗಿ, ಮುಂಜಾನಿಂದ ಚಟ್ನಿ ಇಲ್ಲ. ನಾಳಿ ಮುಂಜಾನೆ ಕಳಸು."

ದೇವಿ ಒಂದು ದಿನ ಕೊಟ್ಟಳು. ಮರುದಿನ ಪೂಜೆ ಇಳಿಸಿದಾಗ ಫೋನು ಸತ್ತಿತ್ತು, ಚಾರ್ಜಿಗೆ ಹಾಕಿದರೆ ವಿಡಿಯೋ ಬದುಕಿತ್ತು. ಅದು ಎರಡನೆಯ ಕೃಪೆ. ನೋಡಿದರೆ ನನ್ನ ಬಳೆಗೈ ಇರುವೆಯಂತೆ ಹರಿದಾಡುತ್ತಿದೆ, ಮಾಯವಾಗುತ್ತಿದೆ, ಮತ್ತೆ ಬರುತ್ತಿದೆ. ಪಾರಿವಾಳಕ್ಕೆ ಬಾಲ ಬಂತು. ಆಮೇಲೆ ಫ್ಯಾನು ಹಾರಿತು, ನಮ್ಮವರ ಮೀಸೆ ತಲೆಕೆಳಗಾಗಿ ಕಂಡಿತು, ಕುಂಕುಮ ಮೆತ್ತಿದ ದಪ್ಪ ಹೆಬ್ಬೆರಳೊಂದು ಕ್ಯಾಮೆರಾದ ಮೇಲೇ ಇಳಿಯಿತು. ಮುಂದೆಲ್ಲ ಕೆಂಪು.

"ಲಾಸ್ಟ್ ವಾಲಾ ಕಟ್ ಮಾಡ್ತೀನಿ," ಎಂದಳು ಮಗಳು.

"ದೇವಿ ಮುಂದ ಆದದ್ದು, ಇರಲಿ ಬಿಡು," ಎಂದೆ.

ಸಂಜೆ ಸಭೆಯಲ್ಲಿ ಮೊದಲು ಟೈಮ್‌ಲ್ಯಾಪ್ಸ್ ಹಾಕಿದರು. ನನ್ನ ಕೈ ಬಣ್ಣ ತುಂಬುವುದನ್ನು ಆ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ನೋಡಿದರು. ಹೆಬ್ಬೆರಳು ಬಂದದ್ದೇ ಸಭೆ ಗೊಳ್ಳೆಂದಿತು.

"ಖರೇನ ನೀವ ತಗದೀರಿ, ತಂಗಿ. ಹಾಕ್ರಪಾ ಪಾರಿವಾಳ!" ಎಂದ ಹಿರಿಯರು ಮೆಲ್ಲಗೆ ಕೇಳಿದರು, "ಆ ಹೆಬ್ಬೆರಳು ಯಾರದು?"

ನಮ್ಮವರು ಎದ್ದು ನಿಂತು, ಪಾರಿವಾಳವನ್ನು ತಾವೇ ಬಿಡಿಸಿದವರಂತೆ, ನಾಲ್ಕೂ ದಿಕ್ಕಿಗೆ ಕೈಮುಗಿದರು.