ಮೊಮ್ಮಗಳ ಉರಿ ಆರಿಸಿದ ಬೆಚ್ಚನೀರಕ್ಕ

ಬೆಚ್ಚನೀರಕ್ಕನ ಸುದ್ದಿ ನಾನು ಮೊದಲು ಕೇಳಿದ್ದು ನಮ್ಮ ಲಾಂಡ್ರಿಯಲ್ಲಿ. ಆವತ್ತು ನನ್ನ ಆರು ವರ್ಷದ ಮೊಮ್ಮಗಳು ಉಚ್ಚೆ ಹೊಯ್ಯಲು ಹೆದರಿ ಬೆಳಗಿನಿಂದ ಕಾಲು ಅದುಮಿಕೊಂಡು ಕೂತಿದ್ದಳು. ಕೆಳಗೆ ಒಂದೇ ಸಮನೆ ಉರಿ, ಕೆರೆತ. ಸೊಸೆ ಅಳುತ್ತಿದ್ದಳು. ಇದನ್ನು ಕೇಳಿದ ಇಸ್ತ್ರಿ ಮಾಡುವವಳು, "ಚಿಕ್ಕಾಸ್ಪತ್ರೆ ನರ್ಸಮ್ಮನ ಹತ್ರ ಹೋಗಿ. ಏನು ಹೇಳಿದ್ರೂ ಬೆಚ್ಚನೀರು ಅಂತಾಳೆ, ಅದಕ್ಕೇ ಅವಳು ಬೆಚ್ಚನೀರಕ್ಕ" ಅಂದಳು.

ನಾವು ಆಸ್ಪತ್ರೆಗಳ ಬೆಡ್‌ಶೀಟು ಒಗೆಯುವವರು, ಕಲೆ ಕಂಡರೆ ಬಿಡುವವರಲ್ಲ. ಮಗು ಕೆರೆದುಕೊಂಡಷ್ಟೂ ನಾನು ಸೋಪು ಹಚ್ಚಿ ತಿಕ್ಕಿದ್ದೆ. ಸಾಲದು ಅಂತ ಬೆಡ್‌ಶೀಟಿಗೆ ಹಾಕುವ ಕ್ರಿಮಿ ಕೊಲ್ಲುವ ಔಷಧಿಯನ್ನೇ ಸ್ನಾನದ ನೀರಿಗೂ ಒಂದು ಮುಚ್ಚಳ ಸುರಿದಿದ್ದೆ. ಚಡ್ಡಿಗಳನ್ನು ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿದ್ದೆ.

ಮಗುವನ್ನು ಕರೆದುಕೊಂಡು ಸೊಸೆಯೂ ನಾನೂ ಹೋದೆವು. ನರ್ಸಮ್ಮ ಕುಳ್ಳಿ, ದಪ್ಪ, ಕನ್ನಡಕದ ಒಂದು ಕಡ್ಡಿಗೆ ದಾರ. ರಬ್ಬರ್ ಕೈಗವಸು ಊದಿ ಮಗುವಿಗೆ ಕೊಟ್ಟಳು. "ಅಮ್ಮನ ಎದುರಿಗೇ ನೋಡ್ತೀನಿ ಪುಟ್ಟಿ. ಬೇಡ ಅಂದ ತಕ್ಷಣ ನಿಲ್ಲಿಸ್ತೀನಿ" ಅಂದಳು. ನೋಡಿದ ಮೇಲೆ ಮೆಲ್ಲಗೆ, "ಅಲ್ಲಿ ಯಾರಾದ್ರೂ ಮುಟ್ಟಿ ನೋವು ಮಾಡಿದ್ರಾ?"

"ಅಜ್ಜಿನೇ! ದಿನಾ ತಿಕ್ತಾಳೆ!"

ನೆಲ ಬಾಯಿ ಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು. ನಮ್ಮ ಲಾಂಡ್ರಿ ಕೆಲಸ, ಸೋಪು, ಔಷಧಿ, ಬ್ಲೀಚಿಂಗ್ ಪುಡಿ ಎಲ್ಲ ಹೇಳಿಬಿಟ್ಟೆ. ನರ್ಸಮ್ಮ ಕನ್ನಡಕದ ಮೇಲಿಂದ ನೋಡಿದಳು. "ಏನಮ್ಮಾ, ಇದೇನು ಬೆಡ್‌ಶೀಟಾ?"

ಪಕ್ಕದ ಕೋಣೆಯ ಡಾಕ್ಟರೂ ನೋಡಿದರು, ಉಚ್ಚೆ ಪರೀಕ್ಷೆ ಮಾಡಿಸಿದರು. ಸೋಂಕಿರಲಿಲ್ಲ. ಆಮೇಲೆ ನರ್ಸಮ್ಮ ನನಗೆ ತಿಳಿಸಿ ಹೇಳಿದಳು: "ಈ ವಯಸ್ಸಲ್ಲಿ ಅಲ್ಲಿನ ಚರ್ಮ ಬಲು ತೆಳು. ಸೋಪು, ಔಷಧಿ ಏನೂ ಬೇಡ. ಉಗುರುಬೆಚ್ಚಗಿನ ಬರೀ ನೀರಲ್ಲಿ ಹತ್ತು ನಿಮಿಷ ಕೂರಿಸಿ, ಒತ್ತಿ ಒರೆಸಿ, ಉಜ್ಜಬೇಡಿ. ಸಡಿಲ ಹತ್ತಿ ಚಡ್ಡಿ ಹಾಕಿ, ಒದ್ದೆಯಾದ್ರೆ ಬದಲಾಯಿಸಿ. ಮಂಡಿ ಅಗಲಿಸಿ ಕೂತು ಉಚ್ಚೆ ಹೊಯ್ಯಲಿ, ಮುಂದಿನಿಂದ ಹಿಂದಕ್ಕೆ ಒರೆಸಿಕೊಳ್ಳಲಿ. ರಕ್ತ, ಕೆಟ್ಟ ವಾಸನೆಯ ಸ್ರಾವ, ಜ್ವರ ಕಂಡ್ರೆ ಅವತ್ತೇ ಬನ್ನಿ. ಎರಡು ವಾರದಲ್ಲಿ ವಾಸಿಯಾಗದಿದ್ರೂ ಬನ್ನಿ."

ಮೂರನೇ ದಿನ ಬಚ್ಚಲಿಂದ ಕೂಗು: "ಅಜ್ಜೀ, ಉರೀಲಿಲ್ಲ!"

ಅದನ್ನು ನರ್ಸಮ್ಮನಿಗೆ ಹೇಳೋಕೆ ಹೋದವಳು ಅವಳ ಗೆಳತಿಯಾದೆ. ಅವಳು ಮೂವತ್ತೊಂದು ವರ್ಷ ಅದೇ ಕೋಣೆಯಲ್ಲಿ ದುಡಿದವಳು. ಮದುವೆಯಾಗಲಿಲ್ಲ, ತಂಗಿಯ ಮಕ್ಕಳನ್ನು ಸಾಕಿದಳು. ನಿವೃತ್ತಿಯಾದ ಮೇಲೂ ವಾರಕ್ಕೆರಡು ದಿನ ಬಂದು ಆಸ್ಪತ್ರೆ ಬೆಂಚಿನ ಮೇಲೆ ಕೂತು ತಾಯಂದಿರ ಜೊತೆ ಮಾತಾಡುತ್ತಿದ್ದಳು. ಕೊನೆಕೊನೆಗೆ ಮಂಡಿ ಎತ್ತಲಾರದೆ ಹಾಸಿಗೆ ಹಿಡಿದಳು. ನೋಡಲು ಹೋದಾಗ ಕೈ ಹಿಡಿದು ಕೇಳಿದಳು:

"ಆ ಬೆಂಚಿನ ಮೇಲೆ ಇನ್ನು ನೀನು ಕೂರ್ತೀಯಾ? ನಾನು ಹೇಳಿದ್ರೆ ಬೈದ ಹಾಗಾಗುತ್ತೆ, ಅಜ್ಜಿಯರು ಬಾಯಿ ಬಿಡಲ್ಲ. 'ನಾನೂ ಹೀಗೇ ಮಾಡಿದ್ದೆ' ಅಂತ ನೀನೇ ಮೊದಲು ಹೇಳು."